ದೊಡ್ಡಪ್ಪನ ಉಸಿರಿನ ಅಳತೆಗೆ ಒಂದು ಹಾಡು

ಹೋದ ವಾರ ಅಂಕಣ ಯಾಕೆ ಬರಲಿಲ್ಲ ಅಂತ ಕೆಲವರು ಕೇಳಿದ್ದಿರಿ. ಆಫೀಸಿನಲ್ಲಿ ರಿಲೀಸ್ ಇತ್ತು ಅಂತ ಸುಳ್ಳು ಹೇಳಬಹುದಿತ್ತು. ನಿಜ ಏನಂದ್ರೆ, ನಾನು ಮೈಸೂರಿನ ದೊಡ್ಡಪ್ಪನ ಮನೆಯಲ್ಲಿ, ಊಟದ ಮೇಜಿನ ಮೇಲೆ ಪೆನ್ಸಿಲ್ಲು ರಬ್ಬರು ಹರಡಿಕೊಂಡು, 16 ಬೀಟ್‌ಗಳ ಒಂದು ಸಾಲನ್ನು ಎಲ್ಲಿ ತುಂಡು ಮಾಡಿದರೆ ನೋವಾಗಲ್ಲ ಅಂತ ತಲೆ ಕೆಡಿಸಿಕೊಂಡು ಕೂತಿದ್ದೆ.

ದೊಡ್ಡಪ್ಪನಿಗೆ ಈಗ 72. ಪೊಲೀಸ್ ಬ್ಯಾಂಡಿನಲ್ಲಿ ಸರ್ವೀಸ್ ಪೂರ್ತಿ ಯುಫೋನಿಯಂ ನುಡಿಸಿ ನಿವೃತ್ತರಾದವರು. ಯುಫೋನಿಯಂ ನೋಡಿಲ್ಲದವರಿಗೆ: ಮಡಿಲಲ್ಲಿ ಮಗುವನ್ನು ಕೂರಿಸಿಕೊಂಡ ಹಾಗೆ ತಬ್ಬಿಕೊಂಡು ಊದುವ, ಬಾಯಿ ಮೇಲಕ್ಕಿರುವ ಹಿತ್ತಾಳೆ ವಾದ್ಯ. ದೊಡ್ಡ ಟೂಬಾದ ತಮ್ಮ ಅಂದುಕೊಳ್ಳಿ. ದನಿ ಗಂಡಸರ ದನಿಯ ಎತ್ತರದಲ್ಲಿರುತ್ತೆ, ಆದರೆ ಗದರುವ ದನಿಯಲ್ಲ, ಮಧ್ಯಾಹ್ನ ಊಟ ಆದ ಮೇಲೆ ಮಾತಾಡುವ ದನಿ.

ದೊಡ್ಡಮ್ಮ ತೀರಿಕೊಂಡು ವರ್ಷ ಆಗುತ್ತಾ ಬಂದಿತ್ತು. ಒಂದು ರಾತ್ರಿ ಒಂಬತ್ತೂವರೆಗೆ ದೊಡ್ಡಪ್ಪನ ಫೋನು. ಅವರು ಎಂಟೂವರೆಗೇ ಮಲಗುವವರು. ಎದೆ ಧಸಕ್ ಅಂತು.

“ಪುಟ್ಟಿ, ಅವಳ ವರ್ಷದ ಆರಾಧನೆಗೆ ಚರ್ಚಲ್ಲಿ ಒಂದು ಹಾಡು ನುಡಿಸಬೇಕು ಅಂತಿದೀನಿ. ನೀನೇ ಬರ್ಕೊಡು.”

“ಯಾವ ಹಾಡು ದೊಡ್ಡಪ್ಪ?”

“ಅಬೈಡ್ ವಿತ್ ಮಿ. ಅವಳಿಗೆ ಇಷ್ಟ ಇತ್ತಲ್ಲ.” ಒಂದು ಕ್ಷಣ ಸುಮ್ಮನಿದ್ದರು. “ಟ್ಯೂನು ನಾನು ನುಡಿಸ್ತೀನಿ.”

ಆ ಕೊನೇ ಮಾತಿನ ಭಾರ ಬ್ಯಾಂಡಿನವರಿಗೆ ಗೊತ್ತು. ಮಾರ್ಚ್‌ಗಳಲ್ಲಿ ಟ್ಯೂನು ಸಾಮಾನ್ಯವಾಗಿ ಕಾರ್ನೆಟ್, ಕ್ಲಾರಿನೆಟ್‌ಗಳ ಪಾಲು. ಟೂಬಾಗೆ ಸಿಗೋದು ಪೋಂ ಪೋಂ. ಯುಫೋನಿಯಂಗೆ ಹೆಚ್ಚಾಗಿ ಸಿಗೋದು ಟ್ಯೂನಿನ ಪಕ್ಕದಲ್ಲಿ ಹಾದುಹೋಗುವ ಇನ್ನೊಂದು ಸಾಲು. ಅದು ಇದ್ದಾಗ ಯಾರಿಗೂ ಗೊತ್ತಾಗಲ್ಲ, ಇಲ್ಲದಾಗ ಎಲ್ಲರಿಗೂ ಏನೋ ಕಮ್ಮಿ ಅನ್ಸುತ್ತೆ. ದಸರಾ ಮೆರವಣಿಗೆ ಮುಗಿಸಿ ಬಂದ ದೊಡ್ಡಪ್ಪನಿಗೆ ದೊಡ್ಡಮ್ಮ ಪ್ರತಿ ವರ್ಷ ಕೇಳುತ್ತಿದ್ದ ತಮಾಷೆ ಒಂದೇ: “ಎಲ್ಲರದೂ ಕೇಳಿಸ್ತು. ನೀವು ನುಡಿಸಿದ್ದು ಯಾವುದು?” ದೊಡ್ಡಪ್ಪ ಆ ಪಕ್ಕದ ಸಾಲನ್ನು ಬಾಯಲ್ಲೇ ಹಾಡಿ ತೋರಿಸುತ್ತಿದ್ದರು. “ಇದೂ ಒಂದು ಹಾಡಾ?” ಅಂತ ದೊಡ್ಡಮ್ಮ ನಗುತ್ತಾ ಕಾಫಿ ಸೋಸುತ್ತಿದ್ದರು.

ಹಾಗಾಗಿ ಇದು ನಾನು ಒಪ್ಪಿಕೊಳ್ಳಲೇಬೇಕಾದ ಕೆಲಸವಾಗಿತ್ತು.

ಉಳಿದವರೆಲ್ಲ ಕೆಳಗಿನವರೇ

ಮೊದಲ ತೊಂದರೆ, ಜನ. ನಾನು ಚಿಕ್ಕವಳಿದ್ದಾಗ ನಮ್ಮ ಚರ್ಚಿನ ಬ್ಯಾಂಡಿನಲ್ಲಿ ಹದಿನಾಲ್ಕು ಜನ ಇದ್ದರು. ಟ್ರಂಪೆಟ್ಟಿನವರು ಒಬ್ಬೊಬ್ಬರಾಗಿ ದುಬೈ, ಕೆನಡಾ ಅಂತ ಹೋದರು. ಈಗ ಉಳಿದಿರೋದು ನಾಲ್ಕು ಜನ: ದೊಡ್ಡಪ್ಪನ ಯುಫೋನಿಯಂ, ನನ್ನ ಟ್ರಾಂಬೋನ್, ಡಿಗ್ರಿ ಓದುತ್ತಿರುವ ಹುಡುಗನೊಬ್ಬನ ಇನ್ನೊಂದು ಟ್ರಾಂಬೋನ್, ಬ್ಯಾಂಕಿನಲ್ಲಿ ಕೆಲಸ ಮಾಡುವ ಅಣ್ಣನೊಬ್ಬರ ಟೂಬಾ. ಮೇಲಿನ ಸ್ಥಾಯಿಯವರೆಲ್ಲ ವಿದೇಶಕ್ಕೆ ಹಾರಿ, ಮಂದ್ರದವರು ಮಾತ್ರ ಊರಲ್ಲಿ ಉಳಿದ ಕಥೆ ನಮ್ಮದು.

ಬರೀ ದಪ್ಪ ದನಿಯ ನಾಲ್ಕು ವಾದ್ಯಗಳಲ್ಲಿ ಸ್ತುತಿಗೀತೆ ನುಡಿಸೋದು ಬಡತನದ ಲಕ್ಷಣ ಅಂತ ನಾನು ಅಂದುಕೊಂಡಿದ್ದೆ. ಸ್ವಲ್ಪ ಓದಿದ ಮೇಲೆ ನಾಚಿಕೆಯಾಯ್ತು. ಈ ಗುಂಪಿಗೆ ದೊಡ್ಡ ವಂಶವೇ ಇದೆ.

1812ರಲ್ಲಿ ಬೀಥೋವನ್ ತಮ್ಮನ ಮನೆಗೆ ಅಂತ ಆಸ್ಟ್ರಿಯಾದ ಲಿಂಜ್ ಊರಿಗೆ ಹೋಗಿದ್ದ. ಅಲ್ಲಿನ ಕ್ಯಾಥೆಡ್ರಲ್‌ನ ಸಂಗೀತದ ಮುಖ್ಯಸ್ಥ, ಮೃತರನ್ನು ನೆನೆಯುವ ದಿನವಾದ ನವೆಂಬರ್ 2ಕ್ಕೆ ಏನಾದರೂ ಬರೆದುಕೊಡಿ ಅಂದ. ಬೀಥೋವನ್ ಬರೆದದ್ದು ನಾಲ್ಕೇ ನಾಲ್ಕು ಟ್ರಾಂಬೋನ್‌ಗೆ ಮೂರು ಪುಟ್ಟ ರಚನೆ. ಸಿಂಫನಿಗಳನ್ನು ಬರೆದ ಮನುಷ್ಯ ಇಲ್ಲಿ ಒಂದು ಸ್ವರವನ್ನೂ ದುಂದು ಮಾಡಿಲ್ಲ. ಹದಿನಾಲ್ಕು ವರ್ಷ ಆದ ಮೇಲೆ, 1827ರ ಮಾರ್ಚ್ 29ರಂದು, ವಿಯೆನ್ನಾದಲ್ಲಿ ಅವನದೇ ಶವಯಾತ್ರೆಯಲ್ಲಿ ಆ ರಚನೆಗಳಲ್ಲಿ ಎರಡು ಕೇಳಿಬಂದವು.

ಇನ್ನೊಂದು ಕಥೆ ಅಮೆರಿಕದ ಪೆನ್ಸಿಲ್ವೇನಿಯಾದ ಬೆಥ್ಲೆಹೆಮ್ ಊರಿನದು. ಮೊರಾವಿಯನ್ ಪಂಥದ ಜನ 1754ರಲ್ಲಿ ಅಲ್ಲಿಗೆ ಟ್ರಾಂಬೋನ್‌ಗಳನ್ನು ತರಿಸಿಕೊಂಡರು. ಊರಲ್ಲಿ ಯಾರಾದರೂ ತೀರಿಕೊಂಡರೆ ಟ್ರಾಂಬೋನಿನವರು ಎತ್ತರದ ಜಾಗದಲ್ಲಿ ನಿಂತು ಒಂದು ಸ್ತುತಿಗೀತೆ ನುಡಿಸುತ್ತಿದ್ದರು. ಆಮೇಲೆ ಇನ್ನೊಂದು ಟ್ಯೂನು. ಹೋದವರು ಮದುವೆಯಾದ ಗಂಡಸೋ, ಮದುವೆಯಾಗದ ಹೆಣ್ಣುಮಗಳೋ, ಮಗುವೋ ಅನ್ನೋದು ಆ ಎರಡನೇ ಟ್ಯೂನಿನಿಂದಲೇ ಊರಿಗೆ ತಿಳಿಯುತ್ತಿತ್ತು. ಹೊಲದಲ್ಲಿದ್ದವರು ಅಲ್ಲೇ ನಿಂತು ಕೇಳಿ ಅರ್ಥ ಮಾಡಿಕೊಳ್ಳುತ್ತಿದ್ದರು. ನಮ್ಮ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಇಲ್ಲದ ಒಂದು ಮರ್ಯಾದೆ ಅದಕ್ಕಿತ್ತು.

ನನಗೆ ತುಂಬ ಹತ್ತಿರವಾದದ್ದು ಮೂರನೆಯದು. 1878, ಇಂಗ್ಲೆಂಡಿನ ಸಾಲ್ಸ್‌ಬರಿ. ಸಾಲ್ವೇಶನ್ ಆರ್ಮಿಯವರು ಬೀದಿಯಲ್ಲಿ ನಿಂತು ಹಾಡುವಾಗ ಪುಂಡರು ಬಂದು ಗಲಾಟೆ ಮಾಡುತ್ತಿದ್ದರು. ಚಾರ್ಲ್ಸ್ ಫ್ರೈ ಅನ್ನುವ, ಮನೆ ಕಟ್ಟಿಸುವ ಕೆಲಸದ ಮನುಷ್ಯ, ತನ್ನ ಮೂವರು ಗಂಡುಮಕ್ಕಳನ್ನು ಕರೆದುಕೊಂಡು ಕಾವಲಿಗೆ ನಿಂತ. ಬರುವಾಗ ವಾದ್ಯಗಳನ್ನೂ ತಂದರು: ಎರಡು ಕಾರ್ನೆಟ್, ಒಂದು ಟ್ರಾಂಬೋನ್, ಒಂದು ಸಣ್ಣ ಟೂಬಾ. ಅಪ್ಪ ಮಕ್ಕಳ ಆ ನಾಲ್ಕು ಜನರಿಂದ ಶುರುವಾದದ್ದು ಇವತ್ತು ಲೋಕದ ಎಷ್ಟೋ ದೇಶಗಳಲ್ಲಿರುವ ಸಾಲ್ವೇಶನ್ ಆರ್ಮಿ ಬ್ಯಾಂಡ್‌ಗಳ ಪರಂಪರೆ.

ಇದನ್ನೆಲ್ಲ ದೊಡ್ಡಪ್ಪನಿಗೆ ಫೋನಲ್ಲಿ ಹೇಳಿದೆ. “ಸರಿ ಸರಿ, ಹಿಸ್ಟರಿ ಇರ್ಲಿ. ಪಾರ್ಟು ಯಾವಾಗ ಕಳಿಸ್ತೀಯ?” ಅಂದರು.

“ನನ್ನ ಲ್ಯಾಪ್‌ಟಾಪಲ್ಲಿ ಸರಿಯಾಗೇ ಕೇಳಿಸ್ತು”

ಹಾಡಿನ ಬಗ್ಗೆ ಎರಡು ಮಾತು. ಪದಗಳು ಹೆನ್ರಿ ಫ್ರಾನ್ಸಿಸ್ ಲೈಟ್ ಅನ್ನುವ ಪಾದ್ರಿಯದು, 1847. ಅದೇ ವರ್ಷ ಅವರು ತೀರಿಕೊಂಡರು. ನಾವೆಲ್ಲ ಗುನುಗುವ ಟ್ಯೂನು ವಿಲಿಯಂ ಹೆನ್ರಿ ಮಂಕ್ ಅವರದು, 1861. ಅದಕ್ಕೆ ‘ಈವನ್‌ಟೈಡ್’ ಅಂತ ಹೆಸರು. ಇಂಗ್ಲೆಂಡಿನಲ್ಲಿ ಎಫ್‌ಎ ಕಪ್ ಫುಟ್‌ಬಾಲ್ ಫೈನಲ್‌ನಲ್ಲಿ 1927ರಿಂದ ಇದನ್ನು ಹಾಡುತ್ತಾ ಬಂದಿದ್ದಾರೆ. ಗಾಂಧೀಜಿಗೆ ಇಷ್ಟವಾದ ಹಾಡು. ದೆಹಲಿಯ ವಿಜಯ್ ಚೌಕದಲ್ಲಿ ಜನವರಿ 29ರ ಬೀಟಿಂಗ್ ರಿಟ್ರೀಟ್‌ನಲ್ಲಿ ಸೇನಾ ಬ್ಯಾಂಡ್‌ಗಳು ಇದನ್ನು ನುಡಿಸುತ್ತಿದ್ದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 2022ರಲ್ಲಿ ಅದನ್ನು ಕೈಬಿಟ್ಟರು. ದೊಡ್ಡಮ್ಮ ಪ್ರತಿ ಸಲ ಟಿವಿ ಮುಂದೆ ಕೂತು ಈ ಹಾಡಿಗಾಗಿ ಕಾಯುತ್ತಿದ್ದರು. ಚರ್ಚಿನಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಸಲ ಅಲ್ಲೇ ಕೇಳಿದ್ದರು.

ಇಷ್ಟು ಹಳೆಯ ಪದ, ಹಳೆಯ ಟ್ಯೂನು ಆದ್ದರಿಂದ ಹಕ್ಕುಸ್ವಾಮ್ಯದ ತಲೆನೋವಿಲ್ಲ, ಯಾರು ಬೇಕಾದರೂ ಅರೇಂಜ್ ಮಾಡಬಹುದು. ಎಚ್ಚರ ಇರಬೇಕಾದ್ದು ಬೇರೆ ಕಡೆ: ಇದೇ ಹಾಡಿಗೆ ಈಗಿನವರು ಮಾಡಿ ಮಾರುವ ಅರೇಂಜ್‌ಮೆಂಟ್‌ಗೆ ಹಕ್ಕು ಇರುತ್ತೆ. ಟ್ಯೂನು ಊರ ಬಾವಿ, ಅರೇಂಜ್‌ಮೆಂಟ್ ಅವರವರ ಕೊಡ.

ನಾನು ಮೂರು ರಾತ್ರಿ ಕೂತು ಮ್ಯೂಸ್‌ಸ್ಕೋರ್‌ನಲ್ಲಿ ಒಂದು ಅರೇಂಜ್‌ಮೆಂಟ್ ಮಾಡಿದೆ. ಪುಸ್ತಕದಲ್ಲಿ ಇ-ಫ್ಲ್ಯಾಟ್‌ನಲ್ಲಿರುವುದನ್ನು ಎಫ್‌ಗೆ ಏರಿಸಿದೆ. ಎರಡನೇ ಚರಣಕ್ಕೆ ಶ್ರುತಿ ಇನ್ನೂ ಒಂದು ಮನೆ ಮೇಲೆ. ಟ್ರಾಂಬೋನ್‌ಗಳಿಗೆ ಓಡುವ ಸ್ವರಗಳು. ಹೆಡ್‌ಫೋನ್ ಹಾಕಿ ಪ್ಲೇ ಒತ್ತಿದರೆ ಸಿನಿಮಾ ಥರ ಕೇಳಿಸ್ತು. ನನಗೇ ಕಣ್ಣಲ್ಲಿ ನೀರು ಬಂತು. ಅದು ದೊಡ್ಡಮ್ಮನ ನೆನಪಿಗೋ, ನನ್ನ ಜಾಣತನಕ್ಕೋ ಅಂತ ಈಗ ಅನುಮಾನ.

ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ನಾಲ್ವರೂ ಕೂತು ನುಡಿಸಿದೆವು. ಎಂಟು ಬಾರ್ ಆಗೋದರೊಳಗೆ ನಿಲ್ಲಿಸಿದೆವು.

ಟೂಬಾ ಅಣ್ಣ ಸಂಕೋಚದಿಂದ, “ಸ್ವಲ್ಪ ರಾಡಿ ರಾಡಿ ಅನ್ಸುತ್ತಲ್ವಾ?” ಅಂದರು. ಎರಡನೇ ಟ್ರಾಂಬೋನಿನ ಹುಡುಗ ತನ್ನ ಬಲಗೈ ನೋಡಿಕೊಳ್ಳುತ್ತಾ, “ಅಕ್ಕಾ, ಈ ಜಾಗ ನನ್ ಕೈಗೆ ಎಟಕಲ್ಲ” ಅಂದ. ದೊಡ್ಡಪ್ಪ ಏನೂ ಹೇಳಲಿಲ್ಲ. ಕರವಸ್ತ್ರದಲ್ಲಿ ತುಟಿ ಒರೆಸಿಕೊಳ್ಳುತ್ತಾ ಏದುಸಿರು ಬಿಡುತ್ತಿದ್ದರು. ಆಮೇಲೆ, “ಚೆನ್ನಾಗಿದೆ ಪುಟ್ಟಿ. ಬೇರೆ ಯಾರಾದ್ರೂ ನುಡಿಸಿದ್ರೆ ಇನ್ನೂ ಚೆನ್ನಾಗಿರುತ್ತೆ” ಅಂದರು.

ಟೆಸ್ಟಿಂಗ್‌ನವರು ಬಗ್ ತೋರಿಸಿದರೆ ಡೆವಲಪರ್‌ಗಳು ಹೇಳುವ ಮಾತು ನನ್ನ ನಾಲಿಗೆ ತುದಿಗೇ ಬಂದಿತ್ತು: ನನ್ನ ಲ್ಯಾಪ್‌ಟಾಪಲ್ಲಿ ಸರಿಯಾಗೇ ಕೇಳಿಸ್ತು. ಲ್ಯಾಪ್‌ಟಾಪ್‌ಗೆ ಶ್ವಾಸಕೋಶ ಇಲ್ಲ, ತುಟಿ ಇಲ್ಲ, ಕೈಯ ಉದ್ದ ಇಲ್ಲ. ಅದಕ್ಕೆ 72 ವರ್ಷವೂ ಆಗಿಲ್ಲ. ನಾನು ಅದಕ್ಕಾಗಿ ಬರೆದಿದ್ದೆ, ದೊಡ್ಡಪ್ಪನಿಗಾಗಿ ಬರೆದಿರಲಿಲ್ಲ.

ಹಾಗಾಗಿ ಎರಡು ದಿನ ರಜೆ ಹಾಕಿ, ಮೇಲೆ ಹೇಳಿದ ಆ ಊಟದ ಮೇಜಿಗೆ ಬಂದು ಕೂತೆ.

ರಾಡಿ ಎಲ್ಲಿಂದ ಬರುತ್ತೆ

ಮೊದಲು ಟೂಬಾ ಅಣ್ಣನ ದೂರು. ಟ್ಯೂನು ಎಲ್ಲಕ್ಕಿಂತ ಮೇಲಿರಬೇಕು ಅನ್ನೋ ಹಠದಲ್ಲಿ ನಾನು ಎರಡೂ ಟ್ರಾಂಬೋನ್‌ಗಳನ್ನು ಯುಫೋನಿಯಂನ ಕೆಳಗೆ ತುರುಕಿದ್ದೆ. ಟ್ಯೂನು ಕೆಳಗಿಳಿದಾಗಲೆಲ್ಲ ಅವು ಟೂಬಾ ಮತ್ತು ಯುಫೋನಿಯಂ ನಡುವೆ ನಮ್ಮ ಮೆಟ್ರೋದ ಬೆಳಗಿನ ಒಂಬತ್ತು ಗಂಟೆಯ ಜನರ ಥರ ಒತ್ತಿಕೊಂಡು ನಿಲ್ಲುತ್ತಿದ್ದವು. ಮಂದ್ರದಲ್ಲಿ ಎರಡು ಸ್ವರ ಪಕ್ಕಪಕ್ಕ ಬಂದರೆ ಕಿವಿಗೆ ಅವು ಬೇರೆ ಬೇರೆ ಅಂತ ತಿಳಿಯಲ್ಲ, ಗೊರಗೊರ ಅನ್ಸುತ್ತೆ. ಅದೇ ಎರಡು ಸ್ವರ ಒಂದು ಸ್ಥಾಯಿ ಮೇಲೆ ಬಂದರೆ ಸಿಹಿ.

ಇದಕ್ಕೆ ಉತ್ತರ ತಂಬೂರಿಯಲ್ಲೇ ಇದೆ. ಮಂದ್ರ ಷಡ್ಜದ ತಂತಿ ಮೀಟಿ ಕಿವಿ ಕೊಟ್ಟರೆ ಅದರೊಳಗೇ ಮೇಲಿನ ಷಡ್ಜ, ಆಮೇಲೆ ಪಂಚಮ, ಇನ್ನೂ ಮೇಲೆ ಗಾಂಧಾರ ಕೇಳಿಸುತ್ತೆ ಅಂತಾರಲ್ಲ, ಅದು ಕಲ್ಪನೆಯಲ್ಲ, ತಂತಿಯ ಗುಣವೇ ಹಾಗೆ. ಕೆಳಗೆ ಸ್ವರಗಳ ನಡುವೆ ಅಂತರ ಜಾಸ್ತಿ, ಮೇಲೆ ಹೋಗುತ್ತಾ ಕಮ್ಮಿ. ಹಿತ್ತಾಳೆ ಕೊಳವೆಯೂ ಇದೇ ಕ್ರಮದಲ್ಲಿ ದನಿ ಕೊಡುತ್ತೆ.

ಹಾಗಾಗಿ ಮೊದಲ ಸ್ವರಮೇಳವನ್ನು ಬಿಡಿಸಿ ಇಟ್ಟೆ. ಎಲ್ಲಕ್ಕಿಂತ ಕೆಳಗೆ ಟೂಬಾದ ಷಡ್ಜ. ಅದರ ಮೇಲೆ ಹುಡುಗನ ಟ್ರಾಂಬೋನ್, ಪಂಚಮ. ಅದರ ಮೇಲೆ, ಸುತ್ತ ಗಾಳಿ ಬೆಳಕು ಇರುವ ಹಾಗೆ, ದೊಡ್ಡಪ್ಪನ ಗಾಂಧಾರ. ಟ್ಯೂನು ಶುರುವಾಗೋದೇ ಅಲ್ಲಿಂದ. ಎಲ್ಲಕ್ಕಿಂತ ಮೇಲೆ ನನ್ನ ಟ್ರಾಂಬೋನ್, ಮೇಲಿನ ಷಡ್ಜ, ಆದರೆ ತುಂಬ ಮೆಲ್ಲಗೆ. ಟ್ಯೂನು ಮಧ್ಯದಲ್ಲಿದ್ದು ಪಕ್ಕದವರು ಅದರ ಮೇಲಿದ್ದರೂ ಪರವಾಗಿಲ್ಲ, ಮೇಲಿರುವವರಿಗೆ ತಾವು ಮೇಲಿದ್ದೀವಿ ಅನ್ನೋ ಜಂಬ ಇರಬಾರದು ಅಷ್ಟೇ. ನಾನು ಟ್ರಾಂಬೋನಿನ ಬಾಯಿಯನ್ನು ಜನರ ಕಡೆ ಹಿಡಿಯದೆ ನೆಲದ ಕಡೆ ಬಾಗಿಸಿ ನುಡಿಸಿದೆ.

ಕೈ ಎಟಕದ ಸ್ವರ

ಇನ್ನು ಹುಡುಗನ ಕೈ. ಟ್ರಾಂಬೋನಿನಲ್ಲಿ ವಾಲ್ವ್ ಇಲ್ಲ, ಉದ್ದದ ಜಾರುಕೊಳವೆ. ಅದಕ್ಕೆ ಏಳು ಜಾಗ: ಒಂದನೆಯದು ಮುಖದ ಹತ್ತಿರ, ಏಳನೆಯದು ಕೈ ಪೂರ್ತಿ ಚಾಚಿದರೂ ಸಾಲದಷ್ಟು ದೂರ. ಕೆಳಗಿನ ಬಿ-ಫ್ಲ್ಯಾಟ್ ಸ್ವರ ಸಿಗೋದು ಒಂದನೇ ಜಾಗದಲ್ಲಿ. ಅದರ ಪಕ್ಕದ ಮನೆಯಾದ ಬಿ ಸಿಗೋದು ಏಳನೇ ಜಾಗದಲ್ಲಿ! ಹಾರ್ಮೋನಿಯಂನಲ್ಲಿ ಬೆರಳು ಪಕ್ಕಕ್ಕೆ ಸರಿದರೆ ಆಗುವ ಕೆಲಸಕ್ಕೆ ಇಲ್ಲಿ ಇಡೀ ತೋಳು ಓಡಬೇಕು. ಈ ಕಷ್ಟ ತಪ್ಪಿಸಲು ಕೆಲವು ಟ್ರಾಂಬೋನ್‌ಗಳಲ್ಲಿ ಹೆಬ್ಬೆರಳಿನಿಂದ ಒತ್ತುವ ಹೆಚ್ಚುವರಿ ಕೊಳವೆ ಇರುತ್ತೆ. ಹುಡುಗನದು ಹಳೇ ವಾದ್ಯ, ಅದರಲ್ಲಿ ಇಲ್ಲ.

ಎಫ್‌ಗೆ ಏರಿಸಿದ್ದರಿಂದ, ಎರಡನೇ ಸಾಲಿನ ಕೊನೆಯಲ್ಲಿ ನಾನು ಅವನಿಗೆ ಬಿ-ಫ್ಲ್ಯಾಟ್, ಬಿ, ಸಿ ಅಂತ ಮೂರು ಮೆಟ್ಟಿಲು ಬರೆದಿದ್ದೆ. ಅಂದ್ರೆ ಒಂದು, ಏಳು, ಆರು. ಪರದೆಯ ಮೇಲೆ ಮೆಟ್ಟಿಲು, ಅವನ ಕೈಗೆ ಬಾವಿ.

ವಾಪಸ್ ಇ-ಫ್ಲ್ಯಾಟ್‌ಗೆ ಇಳಿದೆ. ನಮ್ಮ ಕಡೆ ಲೆಕ್ಕದಲ್ಲಿ ಎರಡೂವರೆ ಮನೆ ಶ್ರುತಿ. ಅಲ್ಲಿ ಆ ಬಾವಿ ಮಾಯವಾಯ್ತು. ಯುಫೋನಿಯಂ, ಟ್ರಾಂಬೋನ್ ಎರಡೂ ಬಿ-ಫ್ಲ್ಯಾಟ್ ಆಧಾರದ ವಾದ್ಯಗಳು, ಅವಕ್ಕೆ ಈ ಶ್ರುತಿ ಸ್ವಂತ ಮನೆ ಇದ್ದ ಹಾಗೆ. ಈ ಟ್ಯೂನಿನ ವಿಸ್ತಾರವೂ ಸಣ್ಣದು, ಷಡ್ಜದಿಂದ ಧೈವತದವರೆಗೆ ಆರೇ ಸ್ವರ. ಯುಫೋನಿಯಂನಲ್ಲಿ ಒಂದು ಸ್ಥಾಯಿ ಕೆಳಗೆ ನುಡಿಸಿದರೆ ತುಟಿಗೆ ಎಲ್ಲೂ ಒತ್ತಡ ಇಲ್ಲ. ಕಟ್ಟಿಸಿಕೊಂಡ ಹಲ್ಲಿನವರಿಗೆ ಅದು ಸಣ್ಣ ವಿಷಯ ಅಲ್ಲ. ಮಂಕ್ ಯಾಕೆ ಈ ಶ್ರುತಿ ಆರಿಸಿದರೋ ಗೊತ್ತಿಲ್ಲ, ಆದರೆ ನನಗಿಂತ ಜಾಣರು.

ಇ-ಫ್ಲ್ಯಾಟ್‌ಗೆ ಇನ್ನೊಂದು ಲಾಭ ಇತ್ತು. ಅದು ನನಗೆ ಆಮೇಲೆ ಗೊತ್ತಾಯ್ತು. ಹೇಳ್ತೀನಿ.

ಉಸಿರಿನ ಲೆಕ್ಕ

ಕೊನೆಯದು, ಎಲ್ಲಕ್ಕಿಂತ ಕಷ್ಟದ್ದು. ಈ ಹಾಡಿನಲ್ಲಿ ನಾಲ್ಕು ಸಾಲು. ಪ್ರತಿ ಸಾಲಿಗೆ ಹತ್ತು ಅಕ್ಷರ, ನಾಲ್ಕು ಬಾರ್, 16 ಬೀಟ್. ನಿಮಿಷಕ್ಕೆ 72 ಬೀಟ್ ವೇಗದಲ್ಲಿ ನುಡಿಸಿದರೆ ಒಂದು ಸಾಲಿಗೆ 13 ಸೆಕೆಂಡಿಗೂ ಸ್ವಲ್ಪ ಜಾಸ್ತಿ. ಚಿಕ್ಕವರಿಗೆ ಕಷ್ಟವೇನಲ್ಲ. ದೊಡ್ಡಪ್ಪನನ್ನು ಕೂರಿಸಿ, ಒಂದೇ ಸ್ವರ ಹಿಡಿಯಲು ಹೇಳಿ, ಫೋನಿನ ಸ್ಟಾಪ್‌ವಾಚ್ ಒತ್ತಿದೆ. ಎಂಟು ಸೆಕೆಂಡ್. ಇನ್ನೊಂದು ಸಲ. ಎಂಟಕ್ಕೂ ಒಂಚೂರು ಕಮ್ಮಿ.

“ಮೊದಲು ಅರಮನೆ ಮುಂದೆ ನಡ್ಕೊಂಡು ಊದ್ತಿದ್ದೆ” ಅಂದರು.

“ಗೊತ್ತು ದೊಡ್ಡಪ್ಪ.”

“ಬರ್ಕೋ. ಎಂಟು.”

ವೇಗ ಜಾಸ್ತಿ ಮಾಡಬಹುದಿತ್ತು. ಮಾಡಿದರೆ ಅದು ಮೆರವಣಿಗೆ ಆಗುತ್ತಿತ್ತು. ಆಗ ನೆನಪಾದದ್ದು, ಇದು ಹಾಡು, ಇದಕ್ಕೆ ಪದಗಳಿವೆ. ಪದ ಬರೆದವರು ಅಲ್ಪವಿರಾಮ ಎಲ್ಲಿ ಹಾಕಿದ್ದಾರೆ ಅಂತ ನೋಡಿದೆ. ಮೊದಲ ಸಾಲಿನಲ್ಲಿ, ಶೀರ್ಷಿಕೆಯ ಮೂರು ಪದ ಮುಗಿದಲ್ಲೇ ಮಾತು ನಿಲ್ಲುತ್ತೆ. ಅದು ಆರನೇ ಬೀಟು. ಅಲ್ಲಿಯವರೆಗೆ ಐದು ಸೆಕೆಂಡ್. ಉಳಿದ ಹತ್ತು ಬೀಟಿಗೆ ಎಂಟಕ್ಕಿಂತ ಸ್ವಲ್ಪ ಜಾಸ್ತಿ. ಕೊನೇ ಉದ್ದ ಸ್ವರದಲ್ಲಿ ಒಂದು ಬೀಟು ಕಡಿಮೆ ಮಾಡಿದರೆ ಏಳೂವರೆ. ಸಾಕು! ಎರಡನೇ ಸಾಲಿನಲ್ಲಿ ಮಾತು ಸರಿಯಾಗಿ ಅರ್ಧಕ್ಕೆ ನಿಲ್ಲುತ್ತೆ, ಅಲ್ಲಿ ಇನ್ನೂ ಸಲೀಸು. ಮೂರನೇ ಸಾಲನ್ನು ನಾನು ತೆಗೆದುಕೊಂಡೆ, ಅಷ್ಟು ಹೊತ್ತು ಅವರ ತುಟಿಗೆ ವಿಶ್ರಾಂತಿ. ನಾಲ್ಕನೆಯದು ಮತ್ತೆ ಅವರದು.

ಈಗ ಅವರು ಉಸಿರೆಳೆಯುವ ಜಾಗಗಳಲ್ಲಿ ಹಾಡು ಬಿದ್ದುಹೋಗಬಾರದು. ಅಲ್ಲಿ ಎರಡನೇ ಟ್ರಾಂಬೋನಿಗೆ ಒಂದು ಸಣ್ಣ ಸ್ವರ ಸರಿಯುವ ಹಾಗೆ ಬರೆದೆ. ಟೂಬಾ ಅದೇ ಜಾಗದಲ್ಲಿ ಉಸಿರೆಳೆಯಬಾರದು ಅಂತ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದೆ. ನಾಲ್ವರೂ ಒಟ್ಟಿಗೆ ಉಸಿರೆಳೆದರೆ ಕೇಳುವವರಿಗೆ ಹಳ್ಳ. ಒಬ್ಬರಾದ ಮೇಲೆ ಒಬ್ಬರು ಎಳೆದರೆ ಗೊತ್ತೇ ಆಗಲ್ಲ.

ಈ ಕೆಲಸದಲ್ಲಿ ನನಗೆ ಗೊತ್ತಾದದ್ದು ಇಷ್ಟೇ: ಸ್ತುತಿಗೀತೆಯ ಅರೇಂಜ್‌ಮೆಂಟ್ ಚೆನ್ನಾಗಿದೆಯಾ ಅಂತ ನೋಡಲು ಒಂದೇ ಪರೀಕ್ಷೆ. ಕೇಳುವವರು ಮನಸ್ಸಿನಲ್ಲೇ ಪದ ಹೇಳಿಕೊಳ್ಳೋಕೆ ಆಗ್ಬೇಕು. ಶ್ರುತಿ, ಸ್ವರಗಳ ಅಂತರ, ಉಸಿರು ಎಲ್ಲವೂ ಅದಕ್ಕಾಗಿ. ಪದ ಹಾಡುವವರು ನಿಲ್ಲುವಲ್ಲಿ ವಾದ್ಯವೂ ನಿಂತರೆ, ಮುದುಕರ ಉಸಿರು ಕಮ್ಮಿ ಅಂತ ಯಾರಿಗೂ ಅನ್ಸಲ್ಲ, ಅರ್ಥ ಗೊತ್ತಿದ್ದು ನುಡಿಸ್ತಿದ್ದಾರೆ ಅನ್ಸುತ್ತೆ. ದೊಡ್ಡಪ್ಪನ ಕೊರತೆ ಅಂತ ನಾನು ಮುಚ್ಚಿಡಲು ಹೊರಟದ್ದು ಹಾಡಿನೊಳಗೆ ಮೊದಲಿಂದಲೂ ಇದ್ದ ಜಾಗಗಳಲ್ಲೇ ಕೂತಿತು.

ಓಡುವ ಸ್ವರಗಳನ್ನೆಲ್ಲ ಅಳಿಸಿದೆ. ಎರಡನೇ ಚರಣಕ್ಕೆ ಶ್ರುತಿ ಏರಿಸೋದನ್ನೂ ಅಳಿಸಿದೆ. ಎರಡು ಚರಣ, ಒಂದೇ ಶ್ರುತಿ, ಒಂದು ಹಾಳೆ. ಮೊದಲ ಸಲ ಬರೆದದ್ದು ಆರು ಹಾಳೆ ಇತ್ತು.

ಆ ದಿನ

ಆರಾಧನೆಗೆ ಅರವತ್ತು ಎಪ್ಪತ್ತು ಜನ ಬಂದಿದ್ದರು. ಸಭಾಪಾಲಕರ ಮಾತು ಮುಗಿದ ಮೇಲೆ ನಾವು ನಾಲ್ವರು ಮುಂದೆ ಹೋಗಿ ಕೂತೆವು. ದೊಡ್ಡಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದರು. ಯುಫೋನಿಯಂಗೆ ಬೆಳಗ್ಗೆಯೇ ಪಾಲಿಶ್ ಹಚ್ಚಿದ್ದರು.

ಮೊದಲ ಚರಣ ಅಂದುಕೊಂಡ ಹಾಗೇ ಆಯ್ತು. ಆರನೇ ಬೀಟಿಗೆ ದೊಡ್ಡಪ್ಪ ಉಸಿರೆಳೆದರು, ಹುಡುಗನ ಸ್ವರ ಸರಿಯಿತು, ಹಾಡು ನಿಲ್ಲಲಿಲ್ಲ. ನಾನು ಹೊರಗೆ ನೋಡುತ್ತಾ ಮೂರನೇ ಸಾಲು ನುಡಿಸಿದೆ, ಯಾಕಂದ್ರೆ ದೊಡ್ಡಪ್ಪನ ಮುಖ ನೋಡುತ್ತಾ ನುಡಿಸೋಕೆ ನನ್ನಿಂದ ಆಗುತ್ತಿರಲಿಲ್ಲ. ನಾಲ್ಕನೇ ಸಾಲಿಗೆ ಅವರು ಮತ್ತೆ ಬಂದರು. ಕೊನೇ ಸ್ವರವನ್ನು ನಾನು ಮೂರು ಬೀಟ್ ಅಂತ ಬರೆದಿದ್ದೆ. ಅವರು ನಾಲ್ಕೂ ಹಿಡಿದರು. ಎಲ್ಲಿಂದ ತಂದರೋ ಗೊತ್ತಿಲ್ಲ.

ಎರಡನೇ ಚರಣ ಶುರುವಾಗುತ್ತಿದ್ದ ಹಾಗೆ ಹಿಂದಿನ ಬೆಂಚಿನಿಂದ ಯಾರೋ ಅಜ್ಜಿ ಹಾಡಲು ಶುರು ಮಾಡಿದರು. ನಾವು ಯಾರಿಗೂ ಹಾಡಿ ಅಂದಿರಲಿಲ್ಲ. ಪಕ್ಕದವರು ಸೇರಿಕೊಂಡರು. ಅರ್ಧ ಸಾಲು ಆಗೋದರೊಳಗೆ ಇಡೀ ಚರ್ಚು ಹಾಡುತ್ತಿತ್ತು. ಪದ ಗೊತ್ತಿದ್ದವರು ಪದ ಹಾಡಿದರು, ಗೊತ್ತಿಲ್ಲದವರು ಗುನುಗಿದರು. ಇ-ಫ್ಲ್ಯಾಟ್‌ನ ಇನ್ನೊಂದು ಲಾಭ ಅಂದೆನಲ್ಲ, ಇದೇ ಅದು. ಅದು ಜನ ಹಾಡಲು ಬರುವ ಶ್ರುತಿ. ನಾನು ಅಂದುಕೊಂಡಿದ್ದ ಹಾಗೆ ಎರಡನೇ ಚರಣಕ್ಕೆ ಶ್ರುತಿ ಏರಿಸಿದ್ದರೆ ಆ ಅಜ್ಜಿ ಮೊದಲ ಪದಕ್ಕೇ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಆಗ ನನ್ನ ಪಕ್ಕದಲ್ಲಿ ಏನೋ ಬದಲಾಯ್ತು. ಟ್ಯೂನು ಕೇಳಿಸುತ್ತಿಲ್ಲ. ದೊಡ್ಡಪ್ಪನ ಉಸಿರು ನಿಂತಿತಾ ಅಂತ ಗಾಬರಿಯಿಂದ ತಿರುಗಿದೆ. ಅವರು ನುಡಿಸುತ್ತಲೇ ಇದ್ದರು. ಕಣ್ಣು ಮುಚ್ಚಿದ್ದರು. ಟ್ಯೂನು ಬಿಟ್ಟು ಕೆಳಗಿಳಿದು, ನಾನು ಎಲ್ಲೂ ಬರೆದಿರದ ಒಂದು ಪಕ್ಕದ ಸಾಲನ್ನು, ಜನರ ದನಿಯ ಅಡಿಯಲ್ಲಿ, ನಿಧಾನವಾಗಿ ನಡೆಸಿಕೊಂಡು ಹೋಗುತ್ತಿದ್ದರು. ಮೂರನೇ ಸಾಲು ನನ್ನದಾಗಿತ್ತು. ನಾನೂ ಟ್ಯೂನು ಬಿಟ್ಟೆ. ಜನರ ಹತ್ತಿರ ಅದು ಕ್ಷೇಮವಾಗಿತ್ತು.

ಊಟಕ್ಕೆ ಕೂತಾಗ ಕೇಳಿದೆ. “ಟ್ಯೂನು ನಾನೇ ನುಡಿಸ್ತೀನಿ ಅಂದಿದ್ರಿ. ಎರಡನೇ ಚರಣದಲ್ಲಿ ಯಾಕೆ ಬಿಟ್ಬಿಟ್ರಿ ದೊಡ್ಡಪ್ಪ?”

ಅನ್ನಕ್ಕೆ ಸಾರು ಕಲಸುತ್ತಾ ಹೇಳಿದರು: “ಜನ ಎತ್ಕೊಂಡ್ರಲ್ಲ ಪುಟ್ಟಿ. ಅವರ ಬಾಯಲ್ಲಿ ಟ್ಯೂನು ಇದ್ಮೇಲೆ ನಾನ್ಯಾಕೆ ಅದನ್ನೇ ನುಡಿಸ್ಲಿ? ಅವರ ಕೆಳಗೆ ಯಾರಾದ್ರೂ ಇರ್ಬೇಕಲ್ವಾ?” ಒಂದು ತುತ್ತು ಆದ ಮೇಲೆ, “ಒಂದ್ ಸಲ ಅವಳಿಗೆ ಕೇಳಿಸಿದ್ನಲ್ಲ. ಸಾಕು.”

ನಿಮ್ಮ ಮನೆಯ ಅಟ್ಟದ ಮೇಲೂ ಅಪ್ಪನದೋ ತಾತನದೋ ಒಂದು ವಾದ್ಯ ಇರಬಹುದು. ಹಿತ್ತಾಳೆಯದೇ ಆಗಬೇಕಿಲ್ಲ. ಅವರಿಗಾಗಿ ಏನಾದರೂ ಮಾಡಬೇಕು ಅನ್ನಿಸಿದರೆ ಮೊದಲು ಲ್ಯಾಪ್‌ಟಾಪ್ ತೆಗೀಬೇಡಿ. ಪಕ್ಕದಲ್ಲಿ ಕೂತು ಒಂದು ಸ್ವರ ಹಿಡಿಯಲು ಹೇಳಿ, ಎಷ್ಟು ಸೆಕೆಂಡ್ ಬರುತ್ತೆ ನೋಡಿ. ಅಲ್ಲಿಂದ ಶುರು ಮಾಡಿ.

ಬೆಂಗಳೂರಿಗೆ ಹೊರಡುವ ಮುಂಚೆ ಆ ಒಂದು ಹಾಳೆಯನ್ನು ಫೈಲಿನಲ್ಲಿಡಲು ತೆಗೆದುಕೊಂಡೆ. ಎರಡನೇ ಚರಣದ ಮೇಲೆ ದೊಡ್ಡಪ್ಪನ ಪೆನ್ಸಿಲ್ ಅಕ್ಷರ ಇತ್ತು. ಯಾವಾಗ ಬರೆದಿದ್ದರೋ ಗೊತ್ತಿಲ್ಲ: “ಜನ ಹಾಡಿದರೆ, ಕೆಳಗೆ.”